ತಾಯಿ ಚಿಟ್ಟೆ ಪಾಸಿಟಿವ್

ಗುರುವಾರ ಬೆಳಿಗ್ಗೆ ಶರ್ವಾಣಿಗೆ ಎರಡು ಜಡೆ ಹಾಕುತ್ತಿದ್ದೆ. ಬಲಗಡೆಯದು ಮುಗಿದು ರಿಬ್ಬನ್ನೂ ಕಟ್ಟಿಯಾಗಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ವೇಣುಗೋಪಾಲ್ ಅವರು ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದರಲ್ಲಿ ಮೊಬೈಲು ಹಿಡಿದು ಬಚ್ಚಲಿಂದ ಹೊರಗೆ ಬಂದರು. ಮೊಬೈಲು ನೋಡಿದರು. ನನ್ನನ್ನು ನೋಡಿದರು. ನೊರೆ ನುಂಗಿಬಿಟ್ಟರು.

"ಕೂದಲು ಬಿಡು," ಅಂದರು.

"ಇನ್ನೊಂದ್ ನಿಮಿಷ ರೀ, ವ್ಯಾನ್ ಬರೋ ಹೊತ್ತಾಯ್ತು."

"ರಾಧಾ, ಮಗೂನ ಬಿಡು. ಕೈ ತೆಗಿ ಅಂದ್ನಲ್ಲ."

ನಾನು ಬಿಡುವ ಮೊದಲೇ ಅವರೇ ಬಂದು ಮಗುವಿನ ರಟ್ಟೆ ಹಿಡಿದು ಎಳೆದುಕೊಂಡರು. ಎಡಗಡೆಯ ಕೂದಲು ನನ್ನ ಬೆರಳಿಂದ ಜಾರಿ ಹರಡಿಕೊಂಡಿತು. ಆಮೇಲೆ ಅವರು ಮೊಬೈಲನ್ನು ದೂರದಿಂದಲೇ ನನ್ನ ಮುಖಕ್ಕೆ ತೋರಿಸಿದರು. "ಪಾಸಿಟಿವ್ ಬಂದೈತೆ," ಅಂದರು. ಅವರ ಗಲ್ಲದ ಮೇಲೆ ಇನ್ನೂ ನೊರೆ ಇತ್ತು.

ನಡೆದದ್ದು ಇಷ್ಟು. ಎರಡು ತಿಂಗಳಿಂದ ಬೆಳಿಗ್ಗೆ ಏಳುವಾಗ ನನ್ನ ಕೈಬೆರಳುಗಳು ಮಡಚಲು ಬರುತ್ತಿರಲಿಲ್ಲ. ಬಟ್ಟೆ ಹಿಂಡಲಾಗುತ್ತಿರಲಿಲ್ಲ, ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲಾಗುತ್ತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಸೋಮವಾರ ಮಾತ್ರ ಕೂರುವ ಕೀಲುನೋವಿನ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಎ.ಎನ್.ಎ. ಎಂಬ ರಕ್ತಪರೀಕ್ಷೆ ಬರೆದುಕೊಟ್ಟು, ರಿಪೋರ್ಟು ತಗೊಂಡು ಮುಂದಿನ ಸೋಮವಾರ ಬನ್ನಿ ಅಂದಿದ್ದರು. ನಮ್ಮ ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದೆ. ಅದು ಬೆಂಗಳೂರಿಗೆ ಹೋಗಿ, ರಿಪೋರ್ಟಾಗಿ ಯಜಮಾನರ ಮೊಬೈಲಿಗೆ ಬಂದಿತ್ತು. ಬೇರೆ ಯಾರ ಮೊಬೈಲಿಗೆ ಬಂದಿದ್ದರೂ ಸೋಮವಾರದವರೆಗೆ ಅಲ್ಲೇ ತೆಪ್ಪಗೆ ಇರುತ್ತಿತ್ತು.

ನಮ್ಮ ಯಜಮಾನರ ಕೆಲಸವನ್ನು ಇಲ್ಲಿ ಹೇಳಬೇಕು. ಅವರು ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಹನ್ನೆರಡು ವರ್ಷದಿಂದ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಾರೆ. ತಾಯಿ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟಾದ ಮೇಲೆ ಆ ಚಿಟ್ಟೆಯನ್ನೇ ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ ನೋಡುತ್ತಾರೆ. ಪೆಬ್ರಿನ್ ಅಂತ ಒಂದು ರೋಗ. ಅದು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ, ಹುಳುವಿಂದ ಇಡೀ ಊರಿನ ಹುಳುಮನೆಗಳಿಗೆ ಹೋಗುತ್ತದೆ. ರೋಗದ ಕಣ ಕಂಡರೆ ಯಜಮಾನರು "ಪಾಸಿಟಿವ್" ಅನ್ನುತ್ತಾರೆ. ಅವರು ಹಾಗೆ ಅಂದ ಮೇಲೆ ಆ ಚಿಟ್ಟೆಯ ಮೊಟ್ಟೆ ಹಾಳೆಗೆ ಮೇಲ್ಮನವಿ ಇಲ್ಲ. ಹನ್ನೆರಡು ವರ್ಷ ಹೀಗೆ ತೀರ್ಪು ಕೊಟ್ಟ ಮನುಷ್ಯನಿಗೆ ಆ ಪದಕ್ಕೆ ಇನ್ನೊಂದು ಅರ್ಥ ಇರಬಹುದು ಅಂತ ಹೊಳೆಯುವುದು ಕಷ್ಟ.

ಮೇಲಾಗಿ ರಿಪೋರ್ಟಿನಲ್ಲಿ ಒಂದು ಫೋಟೋ ಇತ್ತು. ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ, ಮೊಟ್ಟೆಯಾಕಾರದ, ಮೈತುಂಬ ಚುಕ್ಕಿಯ ಏನೋ ಹತ್ತಿಪ್ಪತ್ತು.

"ಇದನ್ನ ನಾನು ನಿದ್ದೇಲೂ ಗುರುತು ಹಿಡೀತೀನಿ," ಅಂದರು ಯಜಮಾನರು. "ಆಕಾರ ಅದೇ, ಹೊಳಪು ಅದೇ. ಬಣ್ಣ ಒಂದು ಬೇರೆ. ಮನುಷ್ಯರಿಗೆ ಹಸಿರು ಬರುತ್ತೋ ಏನೋ."

ನಮ್ಮತ್ತೆ ಸುಬ್ಬಲಕ್ಷ್ಮಮ್ಮನವರು ಕಾಫಿ ಲೋಟ ಹಿಡಿದೇ ಎದ್ದು ನಿಂತರು. "ಏಮಿರಾ ವೇಣು, ಏನಾಯ್ತೋ?"

"ತಾಯಿ ಪಾಸಿಟಿವ್ ಕಣಮ್ಮ."

"ಯಾವ ತಾಯಿ?"

"ನಮ್ಮ ಮನೆ ತಾಯಿ. ಇವಳು."

"ಅಯ್ಯೋ ದೇವುಡಾ," ಅಂದು ಅತ್ತೆ ಕುರ್ಚಿಯನ್ನು ಕೈಯಿಂದ ತಡಕಿ ಕೂತರು. "ನಮ್ಮ ಕಡೆ ಯಾರಿಗೂ ಇಲ್ಲಪ್ಪ ಇದು. ಇವಳ ತವರಿನ ಕಡೇದೇ ಇರ್ಬೇಕು."

"ಅಪ್ಪಾ, ಪಾಸಿಟಿವ್ ಬಂದ್ರೆ—" ಅಂತ ಶರ್ವಾಣಿ ಬಾಯಿ ತೆಗೆದಳು. ಅವಳಿಗೆ ಏಳು ವರ್ಷ. ಎಚ್ಚರವಿರುವಷ್ಟು ಹೊತ್ತೂ ಪ್ರಶ್ನೆ ಕೇಳುವವಳು.

"ಆಮೇಲೆ ಕೇಳು ಪುಟ್ಟಿ," ಅಂದರು ಅವರಪ್ಪ. ಶಾಲೆಯ ವ್ಯಾನಿನವನಿಗೆ ಸೋಮವಾರದವರೆಗೂ ಬರಬೇಡ ಅಂತ ಫೋನು ಮಾಡಿದರು.

ಒಂಬತ್ತು ಗಂಟೆಯೊಳಗೆ ನಮ್ಮ ಮನೆ ಹುಳುಮನೆಯಾಯಿತು. ಸುಣ್ಣಕ್ಕೆ ಬ್ಲೀಚಿಂಗ್ ಪೌಡರು ಬೆರೆಸಿ ನನ್ನ ಕೋಣೆಯ ಹೊಸಿಲಿಗೆ ಗೇಣಗಲದ ಪಟ್ಟಿ ಎಳೆದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಟಬ್ಬು ಇಟ್ಟು, ಹೋಗುವಾಗ ಬರುವಾಗ ಕಾಲು ಅದ್ದಬೇಕೆಂದು ಆಜ್ಞೆಯಾಯಿತು. ನಾನು ಏನನ್ನೂ ಮುಟ್ಟಬಾರದು. ಅಡುಗೆ ಅತ್ತೆಯದು.

ಅತ್ತೆ ಒಲೆಯ ಮುಂದೆ ನಿಂತು ಆರು ವರ್ಷವಾಗಿತ್ತು. ಅಂದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಬೇಳೆ ಒಂದು ಸಲವೂ ಬೇಯಲಿಲ್ಲ. ಯಜಮಾನರು ಎರಡು ತುತ್ತು ತಿಂದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ವಿಜ್ಞಾನ ಸ್ವಲ್ಪ ತಿದ್ದುಪಡಿಯಾಯಿತು.

"ಕುದಿಸಿದ್ದಕ್ಕೆ ಏನೂ ಆಗಲ್ಲ," ಅಂದರು. "ಅಡುಗೆ ರಾಧಾನೇ ಮಾಡ್ಲಿ. ಬಡಿಸೋದು ಬೇಡ."

ಸಂಜೆಗೆ ಪಾತ್ರೆಗಳು ಗುಡ್ಡೆಯಾದವು. ಪಾತ್ರೆಗೆ ಸೋಪು ಇರುವುದರಿಂದ ಅದೂ ಪರವಾಗಿಲ್ಲ ಎಂದು ತೀರ್ಮಾನವಾಯಿತು. ಬಟ್ಟೆಗೂ ಸೋಪು ಇದೆ. ನೆಲ ಒರೆಸುವ ನೀರಿಗೆ ಫಿನಾಯಿಲ್ ಇದೆ. ಹೀಗೆ ಮನೆಯ ಕೆಲಸಗಳು ಒಂದೊಂದಾಗಿ ಸುಣ್ಣದ ಗೆರೆ ದಾಟಿ ನನ್ನ ಹತ್ತಿರಕ್ಕೇ ವಾಪಸು ಬಂದವು. ಕೊನೆಗೆ ನಾನು ಮುಟ್ಟಬಾರದ ವಸ್ತು ಅಂತ ಮನೆಯಲ್ಲಿ ಉಳಿದದ್ದು ಒಂದೇ, ನನ್ನ ಮಗಳು. ಅವಳು ಒಂದು ಜಡೆಯಲ್ಲೇ ಆ ದಿನ ಕಳೆದಳು. ಇನ್ನೊಂದನ್ನು ಅತ್ತೆ ಹಾಕಲು ಹೋಗಿ, ಕನ್ನಡಕ ಸಿಗದೆ ಕೈಬಿಟ್ಟರು.

ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿ ಅಂದೆ. ಯಜಮಾನರು ಮಾಡಿದರು. ಫೋನು ತೆಗೆದ ಹುಡುಗಿ, "ರಿಪೋರ್ಟ್ ತಗೊಂಡು ಸೋಮವಾರ ಬನ್ನಿ," ಅಂದಳು. "ನೋಡಿದ್ಯಾ, ಫೋನಲ್ಲಿ ಹೇಳೋ ವಿಷಯಾನೇ ಅಲ್ಲ ಇದು," ಅಂದರು ಯಜಮಾನರು.

ಪಕ್ಕದ ಮನೆ ವೆಂಕಟರತ್ನಮ್ಮ ಗೋಡೆಯ ಮೇಲಿಂದ ಇಣುಕಿದ್ದು ಸುಣ್ಣದ ವಾಸನೆಗೆ. ಹೆಪ್ಪಿಗೆಂದು ಬೆಳಿಗ್ಗೆ ನನ್ನಿಂದ ಒಂದು ಬಟ್ಟಲು ಮೊಸರು ತಗೊಂಡು ಹೋಗಿದ್ದರು.

"ಏನಮ್ಮ ರಾಧಾಮಣಿ, ಹುಳು ತಂದ್ರಾ?"

"ಇಲ್ಲಕ್ಕ, ನನಗೇ ಪಾಸಿಟಿವ್ ಅಂತೆ."

ಅವರ ಮುಖ ಗೋಡೆಯಿಂದ ಮಾಯವಾಯಿತು. ಹತ್ತು ನಿಮಿಷದ ಮೇಲೆ ಮೊಸರಿನ ಬಟ್ಟಲು ಕೋಲಿನ ತುದಿಯಲ್ಲಿ ಸಿಕ್ಕಿಸಿಕೊಂಡು ಗೋಡೆ ದಾಟಿ ನಮ್ಮ ಹಿತ್ತಲಿಗೆ ಇಳಿಯಿತು. ಮೊಸರು ಹಾಗೇ ಇತ್ತು. ಗೋಡೆಯಾಚೆಯಿಂದ ಧ್ವನಿ ಮಾತ್ರ ಬಂತು: "ತಪ್ಪು ತಿಳ್ಕೋಬೇಡಮ್ಮ. ನಮ್ಮನೇಲಿ ಮೊಸರು ಯಾರೂ ತಿನ್ನಲ್ಲ."

ಶುಕ್ರವಾರ ಯಜಮಾನರು ಇಡೀ ಮನೆಯನ್ನು ಲ್ಯಾಬಿಗೆ ಹೊರಡಿಸಿದರು. ಬ್ಯಾಚಿನಲ್ಲಿ ಒಂದಕ್ಕೆ ಬಂದರೆ ಇಡೀ ಬ್ಯಾಚು ನೋಡಬೇಕೆಂಬುದು ಕೋಠಿಯ ನಿಯಮ. ನಾನು ಪಾಸಿಟಿವ್ ಆದ್ದರಿಂದ ಲ್ಯಾಬಿನ ಮೆಟ್ಟಿಲ ಕೆಳಗೆ, ಹೂ ಮಾರುವವಳ ಪಕ್ಕ ನಿಂತಿದ್ದೆ. ಬಾಗಿಲು ತೆರೆದಿತ್ತು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಸರ್, ಇದು ಮೇಡಂಗೆ ಕೀಲುನೋವಿಗೆ ಬರೆದಿರೋ ಟೆಸ್ಟು," ಅಂದ ಲ್ಯಾಬಿನ ಸುನೀಲ್‌ಕುಮಾರ್. "ನಿಮಗ್ಯಾಕೆ ಸರ್? ನಿಮಗೇನಾಗಿದೆ?"

"ಆಗೋಕ್ ಮುಂಚೆ ನೋಡೋದೇ ಟೆಸ್ಟು ಅನ್ನೋದು ತಮ್ಮಾ."

"ರಿಪೋರ್ಟ್ ಕೆಳಗಡೆ ಒಂದು ಸಾಲು ಇದೆ ನೋಡಿ ಸರ್. ರೋಗಲಕ್ಷಣದ ಜೊತೆ ಇಟ್ಟು ಡಾಕ್ಟರೇ ನೋಡ್ಬೇಕು ಅಂತ."

"ಕೆಳಗಿನ ಸಾಲು ನಾವೂ ಹಾಕ್ತೀವಪ್ಪ, ಮೊಟ್ಟೆ ಹಾಳೆ ಮೇಲೆ. ತಂಪಾದ ಜಾಗದಲ್ಲಿ ಇಡಿ ಅಂತ. ಯಾರು ಓದ್ತಾರೆ?"

ಸುನೀಲ್‌ಕುಮಾರ್ ಸೋತು ಯಜಮಾನರ ರಕ್ತ ತೆಗೆದ, ಅತ್ತೆಯ ರಕ್ತ ತೆಗೆದ. ಅತ್ತೆ ಕಣ್ಣು ಮುಚ್ಚಿ ಮುರುಗಮಲ್ಲದ ದರ್ಗಾಕ್ಕೆ ಸಕ್ಕರೆ ಓದಿಸುತ್ತೇನೆಂದು ಗಟ್ಟಿಯಾಗಿ ಹರಕೆ ಹೊತ್ತರು. ಶರ್ವಾಣಿಯ ಸರದಿ ಬಂದಾಗ ಅವನು ಕೈ ಕಟ್ಟಿ ನಿಂತ. "ಮಗುಗೆ ಸೂಜಿ ಹಾಕಲ್ಲ ಸರ್. ಡಾಕ್ಟ್ರು ಚೀಟಿ ಕೊಟ್ರೆ ಮಾತ್ರ."

"ಬೇಡ ಬಿಡು," ಅಂದರು ಯಜಮಾನರು. "ನಮ್ಮಲ್ಲೂ ಮೊಟ್ಟೆ ಟೆಸ್ಟ್ ಮಾಡಲ್ಲ. ತಾಯಿ ನೋಡಿದ್ರೆ ಮುಗೀತು. ತಾಯಿಗೆ ಇದ್ದದ್ದು ಮೊಟ್ಟೆಗೆ ಇದ್ದೇ ಇರುತ್ತೆ."

"ಅಪ್ಪಾ, ಹಂಗಾದ್ರೆ ಮೊಟ್ಟೇನ—" ಅಂದಳು ಶರ್ವಾಣಿ.

"ಶ್, ದೊಡ್ಡೋರು ಮಾತಾಡ್ತಾ ಇದ್ದೀವಿ."

ಮೆಟ್ಟಿಲಿಳಿದು ಬರುವಾಗ ಅವಳು ಅಭ್ಯಾಸಬಲದಿಂದ ನನ್ನ ಕಡೆ ಕೈ ಚಾಚಿದಳು. ನಾನೂ ಚಾಚಿದೆ. ಯಜಮಾನರು ನಡುವೆ ಛತ್ರಿ ಇಟ್ಟರು.

ಅಂದು ಮಧ್ಯಾಹ್ನ ವಾರ್ಡಿಗೆ ಸೊಳ್ಳೆ ಔಷಧಿ ಹೊಡೆಯುವ ನಲ್ಲಪ್ಪ ಬಂದ. ಬೀದಿಯವರು ಹೇಳಿ ಕಳಿಸಿದ್ದರಂತೆ. ಕೈಯಲ್ಲಿ ದಪ್ಪ ರಿಜಿಸ್ಟರು, ಬೆನ್ನಿಗೆ ಸಿಂಪಡಿಸುವ ಡಬ್ಬ.

"ಡೆಂಗ್ಯೂನಾ?" ಅಂದ.

"ಅಲ್ಲ."

"ಚಿಕೂನ್‌ಗುನ್ಯಾ?"

"ಅಲ್ಲಪ್ಪ. ಎ.ಎನ್.ಎ.," ಅಂದರು ಯಜಮಾನರು.

ನಲ್ಲಪ್ಪ ರಿಜಿಸ್ಟರಿನ ಕಾಲಂಗಳ ಮೇಲೆ ಬೆರಳಾಡಿಸಿದ. ಕೊನೆಯವರೆಗೂ ಹೋಗಿ ವಾಪಸು ಬಂದ. "ನಮ್ಮಲ್ಲಿ ಇದಕ್ಕೆ ಮನೇನೇ ಇಲ್ಲ ಸ್ವಾಮಿ. ಜ್ವರ ಐತಾ?"

"ಇಲ್ಲ."

"ವಾಂತಿ ಭೇದಿ?"

"ಇಲ್ಲ."

"ಮತ್ತೆ ಏನ್ ಐತೆ?"

"ಬೆಳಿಗ್ಗೆ ಹೊತ್ತು ಬೆರಳು ನೋವು," ಅಂದೆ ಒಳಗಿಂದ.

ನಲ್ಲಪ್ಪ ಬಹಳ ಹೊತ್ತು ನಮ್ಮ ಮನೆಯ ಸುಣ್ಣದ ಪಟ್ಟಿ, ಟಬ್ಬು ಎಲ್ಲ ನೋಡಿದ. "ಇತರೆ" ಅಂತ ಬರೆದುಕೊಂಡ. ಬಂದ ತಪ್ಪಿಗೆ ತುಳಸಿ ಗಿಡಕ್ಕೆ ಔಷಧಿ ಹೊಡೆದು ಹೋದ.

ಶನಿವಾರ ಕೋಠಿಯ ಮಾಲೀಕರು ಮುನಿವೆಂಕಟಪ್ಪನವರು ಖುದ್ದಾಗಿ ಬಂದರು. ಗೇಟಿನ ಹೊರಗೇ ಬೈಕು ನಿಲ್ಲಿಸಿ, ಟವೆಲು ಮೂಗಿಗೆ ಕಟ್ಟಿಕೊಂಡು ನಿಂತರು. ಯಜಮಾನರು ಗೇಟಿನ ಒಳಗೆ, ನಾನು ಕಿಟಕಿಯಲ್ಲಿ, ಶರ್ವಾಣಿ ಜಗುಲಿಯ ಮೆಟ್ಟಿಲ ಮೇಲೆ.

"ವೇಣು, ಸೋಮವಾರ ಕೆಲಸಕ್ಕೆ ಬರ್ಬೇಡಪ್ಪ."

"ಯಾಕೆ ಸಾರ್?"

"ನಗರಗೆರೆ ಕಡೆ ರೈತರು ಮೊಟ್ಟೆ ತಗೊಳಕ್ಕೆ ಬಂದೋರು ವಾಪಸ್ ಹೋದ್ರು. ಯಾರು ಟೆಸ್ಟ್ ಮಾಡಿದ್ದು ಅಂದ್ರು. ವೇಣು ಅಂದೆ. ಅವರ ಮನೇಲೇ ಪಾಸಿಟಿವ್ ಅಂತಲ್ಲ, ಆ ಕೈ ಮುಟ್ಟಿದ ಮೊಟ್ಟೆ ನಮಗೆ ಬ್ಯಾಡ ಅಂದ್ರು. ಚಿಂತಾಮಣಿಯಿಂದಲೂ ಫೋನ್ ಬಂತು."

"ಆ ಮೊಟ್ಟೆ ಎಲ್ಲ ನೆಗೆಟಿವ್ ಸಾರ್. ನಾನೇ ಕಣ್ಣಾರೆ ನೋಡಿದ್ದು."

"ನೀನು ನೋಡಿದ್ದು ಅಂತಲೇ ಈ ವಾರದ್ದೆಲ್ಲ ಸುಟ್ಟುಬಿಟ್ಟೆ."

ಯಜಮಾನರು ಗೇಟಿನ ಸರಳು ಹಿಡಿದುಕೊಂಡರು. "ಸುಟ್ರಾ? ಒಳ್ಳೆ ಮೊಟ್ಟೇನ? ಮನುಷ್ಯರ ಕಾಯಿಲೆ ಹುಳುಗೆ ಎಲ್ಲಾದ್ರೂ ಬರುತ್ತಾ ಸಾರ್?"

"ಹುಳು ಕಾನೂನು ಮನುಷ್ಯರಿಗೆ ಹಾಕಿ, ಹೊಸಿಲಿಗೆ ಸುಣ್ಣ ಎಳೆದೋನು ನೀನಲ್ವೇನಪ್ಪ," ಅಂದರು ಮುನಿವೆಂಕಟಪ್ಪ. "ಡಾಕ್ಟ್ರು ಬರೆದುಕೊಟ್ರೆ ಕಾಗದ ತಗೊಂಡು ಬಾ. ಅಲ್ಲೀವರೆಗೂ ರೆಸ್ಟ್ ತಗೋ."

ಬೈಕು ಹೋಯಿತು. ಯಜಮಾನರು ಸರಳು ಹಿಡಿದೇ ನಿಂತಿದ್ದರು. ಅತ್ತೆ ಒಳಗಿಂದ, "ಏಮಂಟಾಡು ರಾ?" ಅಂತ ಮೂರು ಸಲ ಕೇಳಿದರು, ಅವರೇನಂದರು ಅಂತ. ನಾನು ಮಗಳನ್ನು ನೋಡಿದೆ. ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಆ ಗಳಿಗೆಯಿಂದ ಅವಳ ಪ್ರಶ್ನೆಗಳು ನಿಂತವು.

ಮೊದಲು ಯಜಮಾನರು ಸಂತೋಷಪಟ್ಟರು. "ಎಷ್ಟು ಜಾಣೆ ನೋಡು, ಹೇಳಿದ ಮಾತು ಕೇಳ್ತಾ ಕೂತವ್ಳೆ." ಅವಳು ಊಟಕ್ಕೆ ಕರೆದರೆ ಬಂದಳು, ಮಲಗು ಅಂದರೆ ಮಲಗಿದಳು. ಒಂದೇ ಒಂದು ಮಾತಿಲ್ಲ. ಭಾನುವಾರ ತಲೆಸ್ನಾನಕ್ಕೆಂದು ಅವರಪ್ಪ ಬಚ್ಚಲ ಒಲೆಗೆ ಸೌದೆ ಇಟ್ಟು ಬೆಂಕಿಪೊಟ್ಟಣ ತೆಗೆದದ್ದೇ, ಓಡಿಹೋಗಿ ವೆಂಕಟರತ್ನಮ್ಮನವರ ಗೇಟಿನ ಹತ್ತಿರ ನಿಂತುಬಿಟ್ಟಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ನನ್ನನ್ನು ಬಿಟ್ಟು ಇರಲಾರದೆ ಮಗು ಹೀಗಾಡುತ್ತಿದೆ ಅಂದುಕೊಂಡು ನಾನು ಗೆರೆಯ ಈಚೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಸೋಮವಾರ ಬೇಗ ಬರಲಿ, ಡಾಕ್ಟರಮ್ಮ ಏನಾದರೂ ಹೇಳಲಿ, ನನ್ನ ಮಗಳು ಒಂದು ಸಲ "ಅಮ್ಮಾ, ಯಾಕೆ" ಅನ್ನಲಿ, ನನಗೆ ಅಷ್ಟು ಸಾಕಿತ್ತು. ಬೆರಳಿನ ನೋವು ಮರೆತೇ ಹೋಗಿತ್ತು.

ಭಾನುವಾರ ಸಂಜೆ ಲ್ಯಾಬಿನ ರಿಪೋರ್ಟುಗಳು ಬಂದವು. ಯಜಮಾನರು ಕನ್ನಡಕ ಒರೆಸಿ ಓದಿದರು. ಇನ್ನೊಂದು ಸಲ ಒರೆಸಿದರು.

"ನನಗೆ ನೆಗೆಟಿವ್," ಅಂದರು.

"ನನಗೆ?" ಅಂದರು ಅತ್ತೆ.

ಯಜಮಾನರು ಮೊಬೈಲನ್ನು ಅತ್ತೆಯಿಂದ ಸ್ವಲ್ಪ ದೂರ ಹಿಡಿದರು. ಅಷ್ಟರಿಂದಲೇ ಅತ್ತೆಗೆ ಗೊತ್ತಾಯಿತು. ನನ್ನ ತವರಿನ ಕಾಯಿಲೆ ತಮಗೆ ಬಂದ ರೀತಿಯನ್ನು ಯೋಚಿಸುತ್ತಾ ಅವರು ಮೇಲಿನ ಫ್ಯಾನನ್ನು ನೋಡಿದರು.

"ತಾಯಿ ಪಾಸಿಟಿವ್, ಮೊಟ್ಟೆ ನೆಗೆಟಿವ್," ಅಂತ ಯಜಮಾನರು ತಮ್ಮಷ್ಟಕ್ಕೇ ಗೊಣಗುತ್ತಿದ್ದರು. "ಹನ್ನೆರಡು ವರ್ಷದಲ್ಲಿ ಹಿಂಗೆ ಒಂದು ಸಲಾನೂ ಆಗಿಲ್ಲ." ಆಮೇಲೆ ನಿಯಮ ನೆನಪಾಗಿ, "ಅಮ್ಮಾ, ನೀನೂ ಒಳಗೆ ಹೋಗ್ಬೇಕಾಗುತ್ತೆ," ಅಂದರು.

"ನಲವತ್ತೊಂದು ವರ್ಷ ನಿನ್ನ ಮೈ ತೊಳೆದು, ಮುದ್ದೆ ತಿನ್ನಿಸಿ ಸಾಕಿದೀನಿ ಕಣೋ."

"ಕಾಲು ಟಬ್ಬಲ್ಲಿ ಅದ್ದಿ ಹೋಗಮ್ಮ."

ಅತ್ತೆ ಟಬ್ಬಿನಲ್ಲಿ ಕಾಲು ಅದ್ದಿ, ಸುಣ್ಣದ ಗೆರೆ ದಾಟಿ ಬಂದು ನನ್ನ ಚಾಪೆಯ ಮೇಲೆ ಕೂತರು. ಆಮೇಲೆ ಅವರು ನನ್ನ ಕೈ ಎಳೆದುಕೊಂಡು, "ಯಾವ ಬೆರಳೇ ನೋಯೋದು?" ಅಂದರು. ಗುರುವಾರದಿಂದ ಆ ಮಾತು ಕೇಳಿದ ಮೊದಲ ಮನುಷ್ಯರು ಅವರೇ. ಹರಳೆಣ್ಣೆ ಹಚ್ಚಿ ಒತ್ತಿದರು. ಹೊರಗೆ, ಬಡಿಸುವ ಸರದಿ ಬಂದ ಯಜಮಾನರು ಸೌಟು ಎಲ್ಲಿ ಅಂತ ಕೇಳುತ್ತಿದ್ದರು. ಅತ್ತೆ ಹೇಳಬೇಡ ಅಂತ ನನಗೆ ಕಣ್ಸನ್ನೆ ಮಾಡಿದರು.

ಸೋಮವಾರ ನಾಲ್ವರೂ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಪಾಸಿಟಿವ್ ಇಬ್ಬರು ಹಿಂದಿನ ಸೀಟಿನಲ್ಲಿ, ನೆಗೆಟಿವ್ ಯಜಮಾನರು ಮುಂದೆ. ಶರ್ವಾಣಿ ಅಪ್ಪನ ಪಕ್ಕವೂ ಕೂರಲಿಲ್ಲ, ನಮ್ಮ ಹತ್ತಿರವೂ ಬರಲಿಲ್ಲ. ಕಂಡಕ್ಟರಿನ ಸೀಟಿನ ಕಂಬ ಹಿಡಿದು ನಿಂತೇ ಬಂದಳು.

ಡಾಕ್ಟರಮ್ಮನ ಮುಂದೆ ಯಜಮಾನರು ಮೂರೂ ರಿಪೋರ್ಟು ಹರಡಿ, ಫೋಟೋದ ಮೇಲೆ ಬೆರಳಿಟ್ಟು, ಪೆಬ್ರಿನ್ನಿಂದ ಹಿಡಿದು ಬ್ಲೀಚಿಂಗ್ ಪೌಡರಿನ ಪ್ರಮಾಣದವರೆಗೆ ವರದಿ ಒಪ್ಪಿಸಿದರು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಇವು ಕ್ರಿಮಿ ಅಂದ್ಕೊಂಡ್ರಾ?"

"ಹೊಳಪು ನೋಡಿ ಮೇಡಂ, ಆಕಾರ ನೋಡಿ."

"ಇವು ಲ್ಯಾಬಿನೋರು ಗಾಜಿನ ಮೇಲೆ ಇಟ್ಟಿರೋ ಜೀವಕೋಶಗಳು. ನಿಮ್ಮ ಮನೆಯವರದ್ದೂ ಅಲ್ಲ. ಅದರ ಮೇಲೆ ಇವರ ರಕ್ತದ ತಿಳಿ ಹಾಕ್ತಾರೆ. ಹೊರಗಿನ ಶತ್ರೂನ ಹಿಡಿಯೋಕೆ ಅಂತ ರಕ್ತದಲ್ಲಿ ಕಾವಲುಗಾರರು ಇರ್ತಾರಲ್ಲ, ಅವರಲ್ಲಿ ಕೆಲವರು ದಾರಿ ತಪ್ಪಿ ಮನೆಯವರನ್ನೇ ಕಳ್ಳರು ಅಂತ ಹಿಡ್ಕೋತಾರೆ. ಅಂಥವರು ಇದ್ರೆ ಹೋಗಿ ಈ ಕೋಶಕ್ಕೆ ಅಂಟ್ಕೋತಾರೆ. ಕಾಣ್ಲಿ ಅಂತ ಹಸಿರು ಬಣ್ಣ ಹಾಕಿರ್ತಾರೆ, ಅಷ್ಟೆ."

"ನಮ್ಮ ವೇಣು ಥರ," ಅಂದರು ಅತ್ತೆ.

ಡಾಕ್ಟರಮ್ಮ ನಗು ತಡೆದುಕೊಂಡರು. ಅತ್ತೆಗೆ ಈ ವಯಸ್ಸಿನಲ್ಲಿ ಇಷ್ಟು ಬರುವುದು ಸಾಮಾನ್ಯ, ಆರೋಗ್ಯವಾಗಿರುವ ಎಷ್ಟೋ ಜನಕ್ಕೂ ಬರುತ್ತದೆ, ಮರೆತುಬಿಡಿ ಅಂದರು. ನನ್ನದು ಮಾತ್ರ ಹಾಗೆ ಬಿಡುವಂತಿಲ್ಲ, ಬೆರಳುಗಳು ಊದಿವೆ, ಇನ್ನೆರಡು ಪರೀಕ್ಷೆ ಮಾಡಿಸಬೇಕು, ಈ ಒಂದು ಕಾಗದದಿಂದ ಕಾಯಿಲೆ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು ಅಂದರು.

"ಇನ್ನೇನಾದ್ರೂ ಕೇಳೋದಿದ್ಯಾ?"

"ಕೋಠಿಗೆ ಒಂದು ಕಾಗದ ಬೇಕಿತ್ತು ಮೇಡಂ," ಅಂದರು ಯಜಮಾನರು, ತಲೆ ತಗ್ಗಿಸಿ. "ನನ್ನ ಕೈ ಸರಿ ಐತೆ ಅಂತ."

"ನಾನು ಬದನೆಕಾಯಿ ತಿನ್ನಬೋದಾ?" ಅಂದರು ಅತ್ತೆ.

ನಾನು ಕೋಣೆಯ ಮೂಲೆಯಲ್ಲಿ ತೂಕದ ಯಂತ್ರದ ಹಿಂದೆ ನಿಂತಿದ್ದ ಮಗಳನ್ನು ನೋಡುತ್ತಿದ್ದೆ. ಡಾಕ್ಟರಮ್ಮನೂ ಅತ್ತ ತಿರುಗಿದರು.

"ಪಾಪು ಏನೋ ಕೇಳ್ಬೇಕು ಅಂತಿದ್ದಾಳೆ. ಬಾರಮ್ಮ, ಕೇಳು."

ಶರ್ವಾಣಿ ಬರಲಿಲ್ಲ. ಡಾಕ್ಟರಮ್ಮನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಗೋಡೆಗೆ ಬೆನ್ನು ಒತ್ತಿಕೊಂಡು, ಎರಡು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಅವರಪ್ಪನನ್ನು ಕೇಳಿದಳು:

"ಅಪ್ಪಾ, ಅಮ್ಮ ಪಾಸಿಟಿವ್ ಅಲ್ವಾ, ನಾನು ಅಮ್ಮನ ಮೊಟ್ಟೆ ಅಲ್ವಾ. ನನ್ನ ಯಾವತ್ತು ಸುಡ್ತೀಯಾ?"